ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್‌ಗೆ ಮೊದಲ ಸಲ ಹೋಗೋರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಮೇಡಂ, ನಮ್ಮ ಯಜಮಾನ್ರಿಗೆ 44 ವರ್ಷ, ಪೀಣ್ಯದಲ್ಲಿ ಕೆಲಸ. ದಿನಾ ಎರಡು ಕ್ವಾರ್ಟರ್ ವಿಸ್ಕಿ ಆಗುತ್ತೆ. ಈಗೀಗ ಬೆಳಗ್ಗೆ ಎದ್ದ ತಕ್ಷಣ ಬೇಕು, ಇಲ್ಲಾಂದ್ರೆ ಕೈ ನಡುಗುತ್ತೆ. ಎಎ ಮೀಟಿಂಗ್‌ಗೆ ಬರ್ತೀನಿ ಅಂತ ಅವರೇ ಒಪ್ಪಿದ್ದಾರೆ. ಸೋಮವಾರದಿಂದ ಪೂರ್ತಿ ನಿಲ್ಲಿಸಿ ಕರ್ಕೊಂಡು ಹೋಗೋಣ ಅಂತಿದ್ದೀನಿ. ಎಲ್ಲಿ ಹುಡುಕೋದು? ಕನ್ನಡದಲ್ಲಿ ಇರುತ್ತಾ?

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ): ಮೀಟಿಂಗ್‌ಗೆ ಸೋಮವಾರದವರೆಗೂ ಕಾಯೋದು ಬೇಡ, ಇವತ್ತೇ ಹೋಗಬಹುದು. ಆದರೆ ಡಾಕ್ಟರಿಗೆ ತೋರಿಸದೆ ಕುಡಿತ ನಿಲ್ಲಿಸೋದು ಬೇಡ. ಎಎ ಸೇರೋಕೆ ಇರುವ ಷರತ್ತು ಒಂದೇ, ಕುಡಿತ ಬಿಡಬೇಕೆಂಬ ಆಸೆ. ಬಿಟ್ಟ ಮೇಲೇ ಬರಬೇಕು ಅಂತ ಯಾರೂ ಹೇಳಲ್ಲ. ಕುಡಿದು ಬಂದಿದ್ದರೆ ಮಾತಾಡದೆ ಕೂತು ಕೇಳಿ ಅನ್ನಬಹುದು, ಅಷ್ಟೇ.

ಎರಡು ಕ್ವಾರ್ಟರ್ ಅಂದರೆ 360 ಎಂಎಲ್, ಅದರಲ್ಲಿ ಸುಮಾರು 120 ಗ್ರಾಂ ಶುದ್ಧ ಆಲ್ಕೋಹಾಲ್. ಬೆಳಗಿನ ನಡುಕ ಅಂದರೆ ಮೈ ಅದಕ್ಕೆ ಒಗ್ಗಿಹೋಗಿದೆ ಅಂತ ಅರ್ಥ. ಇಂಥವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ನಡುಕ, ಬೆವರು, ವಾಂತಿ ಶುರುವಾಗುತ್ತೆ. ಕೊನೇ ಪೆಗ್ ಆದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣೋದು, ಯಾರ್ಯಾರ ಹತ್ತಿರವೋ ಮಾತಾಡೋದು, ಜ್ವರ ಬರಬಹುದು. ಇದು ಪ್ರಾಣಕ್ಕೇ ಅಪಾಯ. ಮನೆಯವರು ಸಾಮಾನ್ಯವಾಗಿ ‘ಮೂರು ದಿನ ಆಯ್ತಲ್ಲ, ಇನ್ನೇನು’ ಅಂತ ನಿರಾಳ ಆಗೋದೂ ಇದೇ ಹೊತ್ತಲ್ಲಿ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ದೂರ ಆದರೆ ಮನೋವೈದ್ಯರಿರುವ ಹತ್ತಿರದ ಆಸ್ಪತ್ರೆ ಸಾಕು. ದಿನಕ್ಕೆ ಎಷ್ಟು, ಕೊನೇ ಪೆಗ್ ಎಷ್ಟು ಹೊತ್ತಿಗೆ, ಹಿಂದೆ ಫಿಟ್ಸ್ ಬಂದಿತ್ತಾ, ಶುಗರ್ ಬಿಪಿ ಮಾತ್ರೆ ಏನಿದೆ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸುಸ್ತು ಅಂತ ಬೀದಿ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸೋ ಅಭ್ಯಾಸ ಇದೆಯಲ್ಲ, ಅಲ್ಲಿ ಕುಡಿತದ ವಿಷಯ ಮುಚ್ಚಿಡಬೇಡಿ. ಇವರಲ್ಲಿ ವಿಟಮಿನ್ ಬಿ1 ಕಡಿಮೆ ಇರುತ್ತೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು.

ಮೀಟಿಂಗ್ ಪಟ್ಟಿ ಎಎ ಇಂಡಿಯಾ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಬೆಂಗಳೂರಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಗುಂಪುಗಳಿವೆ. ಪಟ್ಟಿ ನೋಡಿ ನೇರ ಹೊರಟುಬಿಡಬೇಡಿ, ಮೊದಲು ಫೋನ್ ಮಾಡಿ. ಶಾಲೆಯ ಕೊಠಡಿ ಪರೀಕ್ಷೆಗೆ ಬೇಕಾದಾಗ ಜಾಗ ಬದಲಾಗುತ್ತೆ, ಹೊರಗೆ ದೊಡ್ಡ ಬೋರ್ಡೂ ಇರಲ್ಲ. ಯಾವ ಭಾಷೆ, ಯಾವ ಗೇಟು, ಯಾವ ಮಹಡಿ, ಇವತ್ತು ನಡೆಯುತ್ತಾ, ಹೊಸಬರು ಬರಬಹುದಾ ಅಂತ ಕೇಳಿ. ಸಾಧ್ಯವಾದರೆ ಬಾಗಿಲ ಹತ್ತಿರ ಯಾರಾದರೂ ನಿಂತಿರಲಿ ಅಂತಲೂ ಹೇಳಿ, ಸಾಮಾನ್ಯವಾಗಿ ನಿಲ್ತಾರೆ. ಯಾರ ಹತ್ತಿರ ಮಾತಾಡಬೇಕೋ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ.

ಗುಂಪು ಆರಿಸುವಾಗ ಒಳ್ಳೆಯದು ಯಾವುದು ಅನ್ನೋದಕ್ಕಿಂತ ದಾರಿ ಯಾವುದು ಅಂತ ನೋಡಿ. ಪೀಣ್ಯದಿಂದ ಕೋರಮಂಗಲಕ್ಕೆ ಸಂಜೆ ಟ್ರಾಫಿಕ್‌ನಲ್ಲಿ ವಾರಕ್ಕೆ ಮೂರು ದಿನ ಹೋಗೋದು ಯಾರಿಂದಲೂ ಆಗಲ್ಲ. ಫ್ಯಾಕ್ಟರಿಗೂ ಮನೆಗೂ ನಡುವೆ ಸಿಕ್ಕರೆ ಉತ್ತಮ, ಅವರು ಮಾಮೂಲಿ ವೈನ್ ಸ್ಟೋರ್ ಮುಂದೆ ನಿಲ್ಲುವ ಹೊತ್ತಿಗೇ ಮೀಟಿಂಗ್ ಇದ್ದರೆ ಇನ್ನೂ ಉತ್ತಮ.

ಪ್ರಶ್ನೆ: ಚರ್ಚ್ ಹಾಲ್‌ನಲ್ಲಿ ನಡೆಯುತ್ತಂತೆ. ನಮ್ಮತ್ತೆಗೆ ಇಷ್ಟವಿಲ್ಲ. ದುಡ್ಡು ಎಷ್ಟಾಗುತ್ತೆ? ಹೆಸರು ಬರೆಸಬೇಕಾ?

ಉತ್ತರ: ಜಾಗ ಬಾಡಿಗೆಗೋ ಹಾಗೆಯೋ ಸಿಕ್ಕಿರುತ್ತೆ, ಚರ್ಚಿಗೂ ಗುಂಪಿಗೂ ಬೇರೆ ಸಂಬಂಧವಿಲ್ಲ. ಕುಡಿತದಿಂದ ಹೊರಬರೋಕೆ ಎಎ ಹೇಳುವ ಹನ್ನೆರಡು ಸ್ಟೆಪ್‌ಗಳಲ್ಲಿ ದೇವರ ಮಾತು ಬರೋದು ನಿಜ, ಕೊನೆಗೆ ಪ್ರಾರ್ಥನೆಯೂ ಇರಬಹುದು. ಆದರೆ ‘ನಾವು ಅರಿತುಕೊಂಡಂಥ ದೇವರು’ ಅಂತಲೇ ಬರೆದಿದ್ದಾರೆ. ನಿಮ್ಮವರಿಗೆ ಅದು ಮಂಜುನಾಥ ಸ್ವಾಮಿಯೇ ಇರಲಿ, ಬರೀ ಆ ಗುಂಪೇ ಇರಲಿ, ಯಾರೂ ಕೇಳಲ್ಲ.

ಫೀಸಿಲ್ಲ. ಕೊನೆಗೆ ಒಂದು ಚೀಲ ಸುತ್ತು ಬರುತ್ತೆ, ಬಾಡಿಗೆಗೂ ಟೀಗೂ. ಹಾಕದಿದ್ದರೂ ನಡೆಯುತ್ತೆ. ರಿಜಿಸ್ಟರಿಲ್ಲ, ಬರೀ ಹೆಸರು ಹೇಳಿದರೆ ಸಾಕು. ಮೊದಲ ದಿನ ‘ಇವತ್ತು ಕೇಳ್ತೀನಿ’ ಅಂದು ಸುಮ್ಮನೆ ಕೂರಬಹುದು. ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಕೇಳಿದ್ದನ್ನು ಹೊರಗೆ ಹೇಳಬಾರದು ಅನ್ನೋದು ಅವರ ಕಟ್ಟುಪಾಡು, ಕಾನೂನಲ್ಲ. ಹಾಗಾಗಿ ಕೋರ್ಟು ಕೇಸಿನಂಥ ವಿಷಯ ಅಲ್ಲಿ ಬೇಡ. ಡಾಕ್ಟರ ಹತ್ತಿರ ಹೇಳಿದ್ದಕ್ಕೆ ಮಾತ್ರ 2017ರ ಮಾನಸಿಕ ಆರೋಗ್ಯ ಕಾಯ್ದೆಯ ರಕ್ಷಣೆ ಇದೆ.

ಪ್ರಶ್ನೆ: ಕಾಫಿಯಲ್ಲಿ ಗೊತ್ತಾಗದ ಹಾಗೆ ಬೆರೆಸೋ ಮಾತ್ರೆ ಇದೆಯಂತೆ, ಅದು ಕೊಟ್ಟರೆ ಮೀಟಿಂಗೇ ಬೇಡ ಅಂತಾರೆ?

ಉತ್ತರ (ಫಾರ್ಮಸಿಸ್ಟ್): ಖಂಡಿತ ಬೇಡ. ಅದು ಸಾಮಾನ್ಯವಾಗಿ ಡೈಸಲ್ಫಿರಾಮ್. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ಬಿಪಿ ಕುಸಿಯುತ್ತೆ. ಹೃದ್ರೋಗ ಇದ್ದವರು ಸಾಯಲೂಬಹುದು. ಕೊನೇ ಪೆಗ್ ಆಗಿ ಕನಿಷ್ಠ 12 ಗಂಟೆ ಕಳೆದ ಮೇಲೆ, ರೋಗಿ ಒಪ್ಪಿದರೆ ಮಾತ್ರ, ಡಾಕ್ಟರ್ ಶುರು ಮಾಡುವ ಔಷಧಿ ಅದು. ಮಾತ್ರೆ ನಿಲ್ಲಿಸಿದರೂ ಎರಡು ವಾರದವರೆಗೆ ಪರಿಣಾಮ ಉಳಿಯಬಹುದು. ಪ್ಯಾಕೆಟ್ ಪುಡಿಗಳಲ್ಲಂತೂ ಏನಿದೆ ಅಂತಲೇ ತಿಳಿಯಲ್ಲ.

ಪ್ರಶ್ನೆ: ನನ್ನ ತಮ್ಮ ಎರಡು ಸಲ ಹೋಗಿ ‘ಬರೀ ಕಥೆ ಹೇಳ್ತಾರೆ’ ಅಂತ ಬಿಟ್ಟ. ಮತ್ತೆ ಕುಡಿದಿದ್ದಾನೆ, ಈಗ ಹೋಗೋಕೆ ನಾಚಿಕೆಯಂತೆ.

ಉತ್ತರ (ಸಮಾಜ ಕಾರ್ಯಕರ್ತೆ): ಎರಡಕ್ಕೇ ತೀರ್ಮಾನ ಬೇಡ. ಐದಾರು ಮೀಟಿಂಗ್, ಅದೂ ಎರಡು ಮೂರು ಬೇರೆ ಗುಂಪುಗಳಲ್ಲಿ ಕೂತು ನೋಡಲಿ. ಗುಂಪಿನಿಂದ ಗುಂಪಿಗೆ ವಯಸ್ಸು, ಮಾತಿನ ಧಾಟಿ ಎಲ್ಲ ಬೇರೆ. ಇನ್ನೊಂದು, ಮುಗಿದ ತಕ್ಷಣ ಗಾಡಿ ಹತ್ತಬಾರದು. ಅಸಲಿ ಕೆಲಸ ಆಗೋದು ಆಮೇಲಿನ ಟೀ ಹೊತ್ತಲ್ಲಿ. ಅಲ್ಲೇ ಎರಡು ಮೂರು ಜನರ ನಂಬರ್ ತಗೋಬೇಕು, ಮುಂದೆ ಅವರಲ್ಲೇ ಒಬ್ಬರನ್ನು ಸ್ಪಾನ್ಸರ್ (ದಾರಿ ತೋರಿಸುವ ಹಳೇ ಸದಸ್ಯರು) ಆಗಿ ಅಂತ ಕೇಳಬೇಕು. ಫೋನ್ ಮಾಡಬೇಕಾದ್ದು ಕುಡಿಯೋಕೆ ಮುಂಚೆ. ಕುಡಿದುಬಿಟ್ಟಿದ್ದರೆ ಮಾರನೇ ದಿನ ಮೀಟಿಂಗ್‌ಗೇ ಹೋಗಲಿ, ಅಲ್ಲಿರೋ ಬಹಳಷ್ಟು ಜನಕ್ಕೆ ಅದು ಹೊಸ ಸುದ್ದಿಯಲ್ಲ. ಅಲ್ಲಿ ಯಾರಾದರೂ ‘ಡಾಕ್ಟರ್ ಮಾತ್ರೆ ಬಿಡು’ ಅಂದರೆ ಕಿವಿಗೆ ಹಾಕಿಕೊಳ್ಳೋದು ಬೇಡ, ಅದು ಎಎ ಹೇಳೋ ಮಾತಲ್ಲ.

ಪ್ರಶ್ನೆ: ನಾನೂ ಒಳಗೆ ಕೂರಬಹುದಾ ಮೇಡಂ?

ಉತ್ತರ: ಓಪನ್ ಮೀಟಿಂಗ್ ಆದರೆ ಕೂರಬಹುದು, ಕ್ಲೋಸ್ಡ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ನಿಮಗೆ ಅಂತಲೇ ಅಲ್-ಅನಾನ್ ಇದೆ, ಕುಡಿಯುವವರ ಮನೆಯವರ ಗುಂಪು. ಅವರು ಕುಡಿತ ಬಿಡಲಿ ಬಿಡದಿರಲಿ, ನೀವು ಹೋಗಬಹುದು. ಎಎ ನಂಬರ್‌ಗೆ ಫೋನ್ ಮಾಡಿದಾಗಲೇ ಹತ್ತಿರದ್ದು ಎಲ್ಲಿದೆ ಅಂತ ಕೇಳಿಬಿಡಿ.