ಹಳೆಯ ಫಿಯಟ್‌ನ ಅಡಿಯಲ್ಲಿ ಮೂರು ಬಗೆಯ ಸದ್ದು: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ದಾವಣಗೆರೆ, ವಿದ್ಯಾನಗರದಿಂದ

ನಮ್ಮ ತಂದೆಯವರ 1986ರ ಪ್ರೀಮಿಯರ್ ಪದ್ಮಿನಿ (ಎಲ್ಲರ ಬಾಯಲ್ಲಿ ಫಿಯಟ್) ಎಂಟು ವರ್ಷ ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿತ್ತು. ಈ ಯುಗಾದಿಗೆ ರಸ್ತೆಗೆ ಇಳಿಸಿದ್ದೇನೆ. ಎಂಜಿನ್ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಅಡಿಯಿಂದ ಬರುವ ಸದ್ದುಗಳದ್ದು. ಕಿತ್ತುಹೋದ ಡಾಂಬರಿನ ಮೇಲೆ ನಿಧಾನವಾಗಿ ಹೋದರೆ ಮುಂದಿನ ಎಡಗಡೆಯಿಂದ ಕಟಕಟ. ಬ್ರೇಕ್ ಒತ್ತಿದಾಗ ಒಂದೇ ಒಂದು ಸಲ ಟಕ್, ಮತ್ತೆ ರಿವರ್ಸ್ ತೆಗೆದಾಗ ಇನ್ನೊಂದು ಟಕ್. ಹಂಪ್ ಹತ್ತಿ ಇಳಿದರೆ ಹಿಂದಿನಿಂದ ಹಳೆಯ ತೊಟ್ಟಿಲು ತೂಗಿದ ಹಾಗೆ ಕಿರ್ರ್.

ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದರು. ಸದ್ದು ಹೋಗಲಿಲ್ಲ. ಇನ್ನೊಂದು ಕಡೆ ಮುಂಚಕ್ರ ಎಡಬಲ ತಿರುಗುವ ಗೂಟವಾದ ಕಿಂಗ್‌ಪಿನ್ ಬಿಚ್ಚಲೇಬೇಕು ಎನ್ನುತ್ತಿದ್ದಾರೆ. ಈಗಾಗಲೇ ಒಂಬತ್ತು ಸಾವಿರ ರೂಪಾಯಿ ಕೈಬಿಟ್ಟಿದೆ. ಕಿಂಗ್‌ಪಿನ್‌ಗೆ ಹಣ ಸುರಿಯುವ ಮೊದಲು ನಾನೇ ಏನಾದರೂ ಪರೀಕ್ಷೆ ಮಾಡಿ ನೋಡಬಹುದೇ?

ಚಿತ್ರದುರ್ಗ, ಹೊಳಲ್ಕೆರೆ ರಸ್ತೆಯಿಂದ

ಖಂಡಿತ ಮಾಡಬಹುದು. ನಾನು ಇಪ್ಪತ್ತು ವರ್ಷ ಫಿಯಟ್ ಓಡಿಸಿ, ಈಗ ಅಂಬಾಸಿಡರ್ ಇಟ್ಟುಕೊಂಡಿರುವವನು. ನೀವು ಸದ್ದನ್ನು ವಿವರಿಸಿದ ರೀತಿಯಲ್ಲೇ ಅರ್ಧ ಉತ್ತರವಿದೆ. ಮೂರೂ ಬೇರೆ ಬೇರೆ ಸಮಯದಲ್ಲಿ ಬರುತ್ತಿವೆ, ಆದ್ದರಿಂದ ಮೂರೂ ಬೇರೆ ಬೇರೆ ಕಡೆಯಿಂದ ಬರುತ್ತಿವೆ ಎಂದೇ ಹಿಡಿಯಿರಿ. ಶಾಕ್ ಅಬ್ಸಾರ್ಬರ್ ಸತ್ತರೆ ಗಾಡಿ ತೂಗಾಡುತ್ತದೆ, ದೊಡ್ಡ ಗುಂಡಿಯಲ್ಲಿ ಢಬ್ ಎಂದು ತಳ ಹೊಡೆಯುತ್ತದೆ. ಸಣ್ಣ ಜಲ್ಲಿಯ ಮೇಲೆ ಕಟಕಟ ಎನ್ನುವುದು ಹೆಚ್ಚಾಗಿ ಅದನ್ನು ಕೂರಿಸಿರುವ ರಬ್ಬರ್ ಬುಷ್ (ಲೋಹದ ಕೀಲಿನೊಳಗಿನ ರಬ್ಬರ್ ಬಳೆ), ಇಲ್ಲವೇ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಹೋಗುವ ಸ್ಟೆಬಿಲೈಜರ್ ರಾಡಿನ ರಬ್ಬರ್.

ಕಿಂಗ್‌ಪಿನ್ ಪರೀಕ್ಷೆಗೆ ಹತ್ತು ನಿಮಿಷ ಸಾಕು, ಜೊತೆಗೆ ಒಬ್ಬರು ಬೇಕು. ಎಡ ಮುಂಚಕ್ರವನ್ನು ಜ್ಯಾಕ್ ಹಾಕಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಒಂದು ಕೈ ಟೈರಿನ ನೆತ್ತಿಯ ಮೇಲೆ, ಇನ್ನೊಂದು ಕೈ ಬುಡದಲ್ಲಿ. ಮೇಲಿನದನ್ನು ಎಳೆಯುತ್ತಾ ಕೆಳಗಿನದನ್ನು ತಳ್ಳಿ, ಮತ್ತೆ ತಿರುವುಮುರುವು. ಕೈಗೆ ಟಕ್ ಎಂದು ಸಡಿಲ ಸಿಕ್ಕಿತೇ? ಈಗ ಒಳಗೆ ಕುಳಿತವರಿಗೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ ಅದೇ ರೀತಿ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಸಡಿಲ ಮಾಯವಾದರೆ ಅದು ಚಕ್ರದ ಬೇರಿಂಗ್, ಬಿಗಿ ಮಾಡಿದರೆ ಮುಗಿಯಿತು. ಬ್ರೇಕ್ ಒತ್ತಿದ ಮೇಲೂ ಸಡಿಲ ಹಾಗೆಯೇ ಇದ್ದರೆ ಆಗ ಕಿಂಗ್‌ಪಿನ್ ಅಥವಾ ಚಕ್ರವನ್ನು ಗಾಡಿಯ ಅಡಿಗೆ ಜೋಡಿಸುವ ಆರ್ಮ್‌ಗಳ ಕೀಲು. ಬ್ರೇಕ್ ಹಿಡಿದಾಗ ಡ್ರಮ್ಮು, ಶೂ, ಚಕ್ರ ಕೂರುವ ಸ್ಟಬ್ ಆಕ್ಸಲ್ ಎಲ್ಲ ಒಂದೇ ಆಗಿಬಿಡುತ್ತವೆ, ಬೇರಿಂಗಿನ ಆಟ ನಡೆಯುವುದಿಲ್ಲ. ಅದಕ್ಕೆ ಈ ಉಪಾಯ. ಎರಡೂ ಸಲ ಸಡಿಲವೇ ಸಿಗದಿದ್ದರೆ ಕಿಂಗ್‌ಪಿನ್ ಮುಟ್ಟಲು ಯಾರಿಗೂ ಬಿಡಬೇಡಿ.

ಬ್ರೇಕ್ ಹಿಡಿದಾಗ ಒಂದು, ರಿವರ್ಸ್‌ನಲ್ಲಿ ಇನ್ನೊಂದು ಟಕ್ ಎಂದರೆ ಯಾವುದೋ ಒಂದು ಭಾಗ ಮುಂದಕ್ಕೂ ಹಿಂದಕ್ಕೂ ಸರಿದು ಕೂರುತ್ತಿದೆ ಎಂದರ್ಥ. ನನ್ನ ಅನುಮಾನ ಕೆಳಗಿನ ಆರ್ಮ್‌ನ ಒಳತುದಿಯ ಬುಷ್ ಮೇಲೆ. ರಬ್ಬರ್ ಓಡಿಸಿದರೆ ಮಾತ್ರ ಸವೆಯುತ್ತದೆ ಎಂದು ತಿಳಿಯಬೇಡಿ, ನಿಂತಲ್ಲೇ ಒಣಗಿ ಬಿರಿಯುತ್ತದೆ. ಎಂಟು ವರ್ಷ ಕಡಿಮೆಯಲ್ಲ, ನಮ್ಮ ಕಡೆಯ ಬಿಸಿಲೂ ಕಡಿಮೆಯಲ್ಲ.

ಹರಿಹರದಿಂದ

ಹಿರಿಯರು ಹೇಳಿದ್ದು ಸರಿ, ಆದರೆ ಅದಕ್ಕೂ ಮೊದಲು ಗಾಡಿಯನ್ನು ಖಾಲಿ ಮಾಡಿ. ನಗಬೇಡಿ. ನಾನು ಆರು ತಿಂಗಳು ಹಿಂದಿನ ಸಸ್ಪೆನ್ಷನ್ ಸದ್ದು ಹುಡುಕಿದವನು. ಹಿಂದಿನ ಸ್ಪ್ರಿಂಗಿನ ತುದಿ ಹಿಡಿಯುವ ಕೊಂಡಿಯ, ಅಂದರೆ ಶ್ಯಾಕಲ್‌ನ ಬುಷ್ ಹಾಕಿಸಿದೆ, ಸೈಲೆನ್ಸರ್ ರಬ್ಬರ್ ಹಾಕಿಸಿದೆ. ಕೊನೆಗೆ ತುಂಗಭದ್ರಾ ಸೇತುವೆಯ ಹತ್ತಿರ ಪಂಕ್ಚರ್ ಆಗಿ ಸ್ಟೆಪ್ನಿ ತೆಗೆದಾಗ ಅದರ ಹಿಂದೆ ಜ್ಯಾಕಿನ ಹಿಡಿಕೆ ಬಿಡಿಯಾಗಿ ಬಿದ್ದಿರುವುದು ಕಂಡಿತು. ಸ್ಟೆಪ್ನಿ, ಜ್ಯಾಕ್, ಪಾನಾ, ಸೀಟಿನ ಕೆಳಗಿನ ನೀರಿನ ಬಾಟಲಿ, ಎಲ್ಲ ಮನೆಯಲ್ಲಿಟ್ಟು ಒಂದು ಸುತ್ತು ಹೊಡೆಯಿರಿ. ಬ್ಯಾಟರಿಯ ಕ್ಲ್ಯಾಂಪನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿ.

ದಾವಣಗೆರೆ, ಹಳೆಯ ಪಿ.ಬಿ. ರಸ್ತೆಯಿಂದ

ಹಿಂದಿನ ಕಿರ್ರ್ ಬಗ್ಗೆ ನಾನು ಹೇಳುತ್ತೇನೆ. ನಮ್ಮ ತಂದೆ ಲಾರಿ ಕಮಾನು ಕೆಲಸ ಮಾಡುತ್ತಿದ್ದರು, ಕಮಾನು ಪಟ್ಟಿಗಳ ಸದ್ದಿನಲ್ಲೇ ನಾನು ಬೆಳೆದದ್ದು. ನಿಮ್ಮ ಫಿಯಟ್‌ಗೆ ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಕಮಾನು, ಅಂದರೆ ಉಕ್ಕಿನ ಪಟ್ಟಿಗಳ ಕಟ್ಟು. ಪಟ್ಟಿಗಳು ಒಂದರ ಮೇಲೊಂದು ಜಾರಬೇಕು. ನಡುವೆ ತುಕ್ಕು ಕೂತರೆ ಜಾರುವ ಬದಲು ಉಜ್ಜುತ್ತವೆ, ಅದೇ ನಿಮ್ಮ ತೊಟ್ಟಿಲ ಸದ್ದು.

ಆದರೆ ಕಿರ್ರ್ ಪಟ್ಟಿಯದೋ, ತುದಿಯ ಶ್ಯಾಕಲ್ ರಬ್ಬರಿನದೋ ಎಂದು ಮೊದಲು ಬೇರ್ಪಡಿಸಿ. ಒಂದು ಚೊಂಬು ನೀರು ಸಾಕು. ಶ್ಯಾಕಲ್ ಬುಷ್ ಮೇಲೆ ಮಾತ್ರ ನೀರು ಬಿಟ್ಟು, ಇಬ್ಬರು ಡಿಕ್ಕಿಯ ಮೇಲೆ ಭಾರ ಹಾಕಿ ಕುಣಿಸಿ. ಸದ್ದು ನಿಂತರೆ ರಬ್ಬರು. ನಿಲ್ಲದಿದ್ದರೆ ಪಟ್ಟಿಗಳ ಸಂದಿಗೆ ನೀರು ಬಿಟ್ಟು ಮತ್ತೆ ಕುಣಿಸಿ. ನೀರು ಒಣಗಿದ ಮೇಲೆ ಸದ್ದು ವಾಪಸ್ಸು ಬರುತ್ತದೆ, ಚಿಂತೆಯಿಲ್ಲ. ನಮಗೆ ಬೇಕಾದದ್ದು ಜಾಗ.

ಕೆಳಗೆ ಬಗ್ಗಿದಾಗ ಇನ್ನೂ ಎರಡು ನೋಡಿ. ಪಟ್ಟಿಗಳನ್ನು ತಬ್ಬಿರುವ ಕ್ಲಿಪ್ ಸಡಿಲವಾಗಿದೆಯೇ, ಮತ್ತು ಆಕ್ಸಲ್ ಹಿಡಿದಿರುವ ಯು ಬೋಲ್ಟಿನ ನಟ್ ಸುತ್ತ ಹೊಸ ಕೆಂಪು ಪುಡಿ ಇದೆಯೇ. ಕೆಂಪು ಪುಡಿ ಇದ್ದಲ್ಲಿ ಲೋಹ ಅಲ್ಲಾಡುತ್ತಿದೆ. ಯು ಬೋಲ್ಟ್ ಸಡಿಲ ಬಿಟ್ಟುಕೊಂಡು ಓಡಿಸಿದರೆ ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಒಂದು ಕಡೆ ಮುಂದಕ್ಕೋ ಹಿಂದಕ್ಕೋ ಸರಿಯಬಹುದು. ಸ್ಟಿಯರಿಂಗ್ ನೇರ ಇಟ್ಟು, ಎರಡೂ ಕಡೆ ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಟೇಪ್ ಹಿಡಿಯಿರಿ. ಎಡಬಲ ಅಳತೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಅದೇ ಮೊದಲ ಕೆಲಸ. ನಿಮ್ಮ ಬ್ರೇಕಿನ ಟಕ್ ಕೂಡ ಅಲ್ಲಿಂದಲೇ ಬರುತ್ತಿರಬಹುದು. ಅಡಿಯ ಸದ್ದು ತಗಡಿನಲ್ಲಿ ಹರಿದು ಬೇರೆಲ್ಲೋ ಕೇಳಿಸುತ್ತದೆ.

ಪಟ್ಟಿ ಎಂದು ಖಚಿತವಾದರೆ ಗಾಡಿ ಎತ್ತಿ, ಭಾರ ಇಳಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ ಸಂದಿಗೆ ಎಂಜಿನ್ ಆಯಿಲ್ ಬಿಡಿ. ಹಳೆಯ ಲಾರಿಯವರೆಲ್ಲ ಮಾಡುತ್ತಿದ್ದದ್ದು ಅದನ್ನೇ.

ಚಿತ್ರದುರ್ಗ, ಹೊಳಲ್ಕೆರೆ ರಸ್ತೆಯಿಂದ

ಆಯಿಲ್ ವಿಚಾರದಲ್ಲಿ ನನ್ನದು ಭಿನ್ನಾಭಿಪ್ರಾಯ. ಲಾರಿಯ ಕಮಾನಿಗೆ ಸರಿ. ಇಲ್ಲಿ ಆಯಿಲ್ ಸೋರಿ ಶ್ಯಾಕಲ್ ರಬ್ಬರಿಗೆ ತಾಗುತ್ತದೆ. ಖನಿಜ ತೈಲ ತಾಗಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಅದರ ಮೇಲೆ ನಮ್ಮ ಕಡೆಯ ಧೂಳು ಕೂತರೆ ಆಯಿಲ್ ಸಾಣೆ ಹಿಡಿಯುವ ಹಿಟ್ಟಾಗುತ್ತದೆ. ಪಟ್ಟಿಗಳನ್ನು ಬಿಚ್ಚಿಸಿ, ತುಕ್ಕು ತೆಗೆಸಿ, ಗ್ರಾಫೈಟ್ ಗ್ರೀಸ್ ಹಚ್ಚಿ ಮತ್ತೆ ಕಟ್ಟಿಸಿದರೆ ವರ್ಷಗಟ್ಟಲೆ ಸುಮ್ಮನಿರುತ್ತದೆ.

ರಬ್ಬರಿಗೆ ಪರೀಕ್ಷೆಗೆಂದು ಏನಾದರೂ ಹಚ್ಚಲೇಬೇಕು ಎನ್ನಿಸಿದರೆ ಹರಳೆಣ್ಣೆ ಹಚ್ಚಿ. ತಮಾಷೆಯಲ್ಲ. ಹಿಂದಿನ ಕಾಲದ ಬ್ರೇಕ್ ಆಯಿಲ್‌ನಲ್ಲಿ ಹರಳೆಣ್ಣೆ ಇರುತ್ತಿದ್ದದ್ದೇ ಅದು ನೈಸರ್ಗಿಕ ರಬ್ಬರನ್ನು ಕೆಡಿಸುವುದಿಲ್ಲ ಎಂಬ ಕಾರಣಕ್ಕೆ.

ದಾವಣಗೆರೆ, ಹಳೆಯ ಪಿ.ಬಿ. ರಸ್ತೆಯಿಂದ

ಧೂಳಿನ ಮಾತು ಒಪ್ಪಿದೆ. ಆದರೆ ಬಿಚ್ಚಿಸುವ ಖರ್ಚು ಅವರ ಜೇಬಿನದ್ದು ಸ್ವಾಮಿ, ನಿಮ್ಮದಲ್ಲ.

ಚಳ್ಳಕೆರೆಯಿಂದ

ಒಂದು ಮಾತು ಯಾರೂ ಹೇಳಲಿಲ್ಲ. ಹೊಸ ಬುಷ್ ಹಾಕಿಸುವಾಗ ಆರ್ಮ್‌ನ ನಟ್ಟನ್ನು ಕೊನೆಯ ಬಿಗಿ ಮಾಡುವುದು ಗಾಡಿ ತನ್ನ ನಾಲ್ಕು ಚಕ್ರಗಳ ಮೇಲೆ ನಿಂತ ಬಳಿಕ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿ ಮಾಡಿದರೆ, ಗಾಡಿ ಇಳಿಸಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ. ಪದ್ಮಿನಿಗೆ ಮೊದಲು ಇದೇ ಫಿಯಟ್‌ಗಿದ್ದ ಹೆಸರಿನ, ನನ್ನ ಪ್ರೀಮಿಯರ್ ಪ್ರೆಸಿಡೆಂಟ್‌ಗೆ ಹಾಕಿಸಿದ ಬುಷ್ ಮೂರೇ ತಿಂಗಳಿಗೆ ಹರಿಯಿತು. ಮಾಲು ಖೋಟಾ ಎಂದು ಅಂಗಡಿಯವನ ಜೊತೆ ಜಗಳವಾಡಿದೆ, ಆಮೇಲೆ ತಿಳಿಯಿತು ತಪ್ಪು ಬಿಗಿ ಮಾಡಿದ ಕೈಯದ್ದು. ಅಂಗಡಿಯಲ್ಲಿ ಪದ್ಮಿನಿ ಎಂದು ಕೇಳಿ ಹುಡುಗರು ಮುಖ ನೋಡಿದರೆ ಫಿಯಟ್ ಎನ್ನಿ. ಹಳೆಯ ಬುಷ್ಷನ್ನು ಜೊತೆಗೆ ಒಯ್ದು ಅಳತೆ ಹೊಂದಿಸಿಯೇ ತನ್ನಿ.

ಮುಂದಿನ ಸುರುಳಿ ಸ್ಪ್ರಿಂಗನ್ನು ಮಾತ್ರ ಮನೆಯಲ್ಲಿ ಬಿಚ್ಚಲು ಹೋಗಬೇಡಿ. ಅದುಮಿಟ್ಟ ಸ್ಪ್ರಿಂಗ್ ತಪ್ಪಿಸಿಕೊಂಡರೆ ಮುರಿಯುವುದು ಕೈಯೋ ದವಡೆಯೋ ಹೇಳಲಾಗದು. ಅಂಬಾಸಿಡರ್‌ಗೆ ಮುಂದೆ ಸುರುಳಿ ಇಲ್ಲ, ತಿರುಚುವ ಕಂಬಿ ಇದೆ. ಅದರಲ್ಲೂ ಅಷ್ಟೇ ಬಲ ಅಡಗಿರುತ್ತದೆ. ಮತ್ತೆ ಸ್ಟ್ಯಾಂಡ್ ಇಲ್ಲ ಎಂದು ಜ್ಯಾಕಿನ ಪಕ್ಕ ಇಟ್ಟಿಗೆ ಜೋಡಿಸಿ ಕೆಳಗೆ ನುಸುಳಬೇಡಿ, ಇಟ್ಟಿಗೆ ಹೇಳದೆ ಕೇಳದೆ ಸೀಳುತ್ತದೆ.

ಕೇಳಿದವರು, ದಾವಣಗೆರೆಯಿಂದ, ಎರಡು ವಾರದ ನಂತರ

ಎಲ್ಲರಿಗೂ ವಂದನೆ. ಹೇಳಿದ ಕ್ರಮದಲ್ಲೇ ಮಾಡಿದೆ. ಡಿಕ್ಕಿ ಖಾಲಿ ಮಾಡಿದಾಗ ಸದ್ದು ಕಡಿಮೆಯಾಗಲಿಲ್ಲ, ಆದರೆ ತಂದೆಯವರು ಕಳೆದುಹೋಯಿತು ಎಂದಿದ್ದ ಪಾನಾ ಸಿಕ್ಕಿತು.

ಭಾನುವಾರ ಬೆಳಿಗ್ಗೆ ತಮ್ಮನನ್ನು ಒಳಗೆ ಕೂರಿಸಿ ಚಕ್ರ ಅಲ್ಲಾಡಿಸಿದೆ. ಸ್ವಲ್ಪ ಸಡಿಲ ಇತ್ತು, ಬ್ರೇಕ್ ಒತ್ತಿದ ಕೂಡಲೇ ಹೋಯಿತು. ಬೇರಿಂಗ್ ಬಿಗಿ ಮಾಡಿಸಿದೆ. ಕಿಂಗ್‌ಪಿನ್ ಗಟ್ಟಿಯಾಗಿದೆ, ಗ್ರೀಸ್ ಹೊಡೆಸಿ ಬಿಟ್ಟಿದ್ದೇನೆ.

ಕಟಕಟಕ್ಕೆ ಕಾರಣ ಸ್ಟೆಬಿಲೈಜರ್ ರಾಡಿನ ಎಡ ಕ್ಲ್ಯಾಂಪು. ಒಳಗಿನ ರಬ್ಬರನ್ನು ಬೆರಳಿನಿಂದ ಒತ್ತಿದರೆ ಹುರಿದ ಮಂಡಕ್ಕಿ ಹಿಸುಕಿದ ಹಾಗೆ ಪುಡಿಯಾಗಿ ಉದುರಿತು. ರಾಡು ಕ್ಲ್ಯಾಂಪಿನೊಳಗೆ ಒಂದು ಬೆರಳಿನಷ್ಟು ಕುಣಿಯುತ್ತಿತ್ತು, ಲೋಹಕ್ಕೆ ಲೋಹ ಬಡಿದು ಹೊಳಪು ಬಂದಿತ್ತು. ಎರಡೂ ಕಡೆಯ ರಬ್ಬರಿಗೆ ಆದ ಖರ್ಚು ನಾಲ್ಕು ಬೆಣ್ಣೆ ದೋಸೆಯ ಬೆಲೆಗಿಂತ ಹೆಚ್ಚಲ್ಲ. ಹೊಸ ಶಾಕ್ ಅಬ್ಸಾರ್ಬರ್ ಹಾಕಿದವರು ಇದರಿಂದ ಒಂದು ಗೇಣು ದೂರದಲ್ಲಿ ಪಾನಾ ಆಡಿಸಿದ್ದರು. ಅದನ್ನು ನೆನೆದಾಗ ಮಾತ್ರ ಹೊಟ್ಟೆ ಉರಿಯುತ್ತದೆ.

ಟಕ್ ವಿಚಾರದಲ್ಲಿ ಹೊಳಲ್ಕೆರೆ ರಸ್ತೆಯ ಹಿರಿಯರ ಅನುಮಾನವೇ ಗೆದ್ದಿತು. ಚಪ್ಪಟೆ ರಾಡ್ ಹಾಕಿ ಮೀಟಿದಾಗ ಕೆಳಗಿನ ಆರ್ಮ್ ಎಡಗಡೆ ಮಾತ್ರ ಸರಿಯಿತು, ಬಲಗಡೆ ಕದಲಲಿಲ್ಲ. ಸ್ಪ್ರಿಂಗ್ ಬಿಚ್ಚುವ ಕೆಲಸವಾದ್ದರಿಂದ ಒಬ್ಬ ಹಳೆಯ ಮೇಸ್ತ್ರಿಗೆ ಒಪ್ಪಿಸಿದೆ. ನೆಲದ ಮೇಲೆ ನಿಲ್ಲಿಸಿಯೇ ಬಿಗಿ ಮಾಡಿ ಎಂದು ಹೇಳುವ ಮೊದಲೇ ಅವರು ಗಾಡಿ ಇಳಿಸಿ, ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿ, ಪಾನಾ ಹಿಡಿದು ಕೆಳಗೆ ಹೋದರು.

ಹಿಂದಿನದಕ್ಕೆ ಟೇಪ್ ಹಿಡಿದೆ. ಎಡಬಲ ಸಮ ಇದೆ, ಯು ಬೋಲ್ಟ್ ಬಿಗಿ ಇದೆ. ನೀರು ಬಿಟ್ಟರೆ ಸದ್ದು ನಿಲ್ಲುವುದು ಪಟ್ಟಿಗಳ ಸಂದಿಯಲ್ಲಿ. ಗ್ರಾಫೈಟೋ ಆಯಿಲೋ ಇನ್ನೂ ತೀರ್ಮಾನಿಸಿಲ್ಲ. ಮುಂದಿನ ತಿಂಗಳು ತಂದೆಯವರನ್ನು ಸೂಳೆಕೆರೆಗೆ ಕರೆದುಕೊಂಡು ಹೋಗುವುದಿದೆ, ಅಷ್ಟರೊಳಗೆ ನೀವಿಬ್ಬರೂ ಒಂದು ಮಾತಿಗೆ ಬನ್ನಿ.