ಹಳೇ ಟ್ರ್ಯಾಕ್ಟರ್: ಲೈಟ್ ಫುಲ್ ಬ್ರೈಟ್, ಸೆಲ್ಫ್ ಮಾತ್ರ ಎತ್ತುತ್ತಿಲ್ಲ

ಪ್ರಶ್ನೆ: ನಮಸ್ಕಾರ ಎಲ್ರಿಗೂ. ನಮ್ದು ಡೈನಮೋ ಇರೋ ಹಳೇ ಟ್ರ್ಯಾಕ್ಟರ್, 12 ವೋಲ್ಟು. ಸೆಲ್ಫ್ ಹೊಡೆದ್ರೆ ಟಕ್ ಅಂದು ಇಂಜಿನ್ ಅರ್ಧ ಸುತ್ತು ತಿರುಗಿ ನಿಂತೋಗುತ್ತೆ. ಬ್ಯಾಟರಿ ಹೊಸದು, ಮೀಟರ್ ಇಟ್ರೆ 12.6 ಇದೆ, ಹೆಡ್‌ಲೈಟೂ ಚೆನ್ನಾಗಿ ಉರಿಯುತ್ತೆ, ಹಂಗಾಗಿ ಸೆಲ್ಫ್ ಮೋಟ್ರೇ ಹೋಗಿದೆ ಬಿಚ್ಚಿಸಿ ಅಂತಿದಾರೆ. ಬಿತ್ತನೆ ಟೈಮು, ಇಳಿಜಾರಲ್ಲಿ ನಿಲ್ಲಿಸಿ ತಳ್ಕೊಂಡು ಸ್ಟಾರ್ಟ್ ಮಾಡ್ತಿದೀವಿ.

ಉತ್ತರ: ಅಣ್ಣ, ಈಗ್ಲೇ ಬಿಚ್ಚಿಸ್ಬೇಡಿ. ಲೈಟ್ ಉರಿದ್ರೆ ಕರೆಂಟ್ ಸರಿಯಿದೆ ಅಂತ ತುಂಬಾ ಜನ ನಂಬಿರ್ತಾರೆ, ಆದ್ರೆ 55 ವ್ಯಾಟ್ ಬಲ್ಬ್ ಎಳ್ಕೊಳೋದು ನಾಲ್ಕೂವರೆ ಆಂಪಿಯರ್ರು, ಸೆಲ್ಫ್ 200ರ ಆಸುಪಾಸು ಎಳೆಯುತ್ತೆ. ಎಲ್ಲೋ ಒಂದು ಜಾಯಿಂಟಲ್ಲಿ ತುಕ್ಕು ಹಿಡಿದು ಬರೀ 0.02 ಓಮ್ ತಡೆ ಬಂದ್ರೂ ಬಲ್ಬಿಗೆ 0.1 ವೋಲ್ಟ್ ಕಮ್ಮಿ ಆಗುತ್ತೆ ಅಷ್ಟೆ, ಕಣ್ಣಿಗೇ ಗೊತ್ತಾಗಲ್ಲ, ಅದೇ 200 ಆಂಪಿಯರ್ ಹರಿಯೋವಾಗ 4 ವೋಲ್ಟ್ ಆ ಜಾಯಿಂಟಲ್ಲೇ ಹೋಗ್ಬಿಡುತ್ತೆ. ನೀವು ನೋಡಿದ 12.6 ಏನೂ ಲೋಡ್ ಇಲ್ದಾಗಿಂದು, ಅದನ್ನ ನಂಬೋಕಾಗಲ್ಲ.

ನ್ಯೂಟ್ರಲ್ ಮಾಡಿ, ಇಂಜಿನ್ ಸ್ಟಾರ್ಟ್ ಆಗ್ದಂಗೆ ಸ್ಟಾಪ್ ನಾಬ್ ಎಳೆದಿಟ್ಕೊಳಿ. ಮೀಟರ್ ಡಿಸಿ 20ಕ್ಕೆ ಇಟ್ಟು ಒಂದು ಕಡ್ಡಿ ಬ್ಯಾಟರಿ ಮೈನಸ್ ಪೋಸ್ಟ್‌ಗೆ (ಕ್ಲ್ಯಾಂಪಿಗಲ್ಲ, ಸೀಸದ ಪೋಸ್ಟಿಗೇ), ಇನ್ನೊಂದು ಇಂಜಿನ್ ಬ್ಲಾಕಿನ ಪೇಂಟ್ ಇಲ್ಲದ ಜಾಗಕ್ಕೆ ಹಿಡೀರಿ, ಇನ್ನೊಬ್ರು ಸೆಲ್ಫ್ ಹೊಡೀಲಿ. ಅರ್ಧ ವೋಲ್ಟ್ ದಾಟಿದ್ರೆ ಅರ್ತ್ (ಮೈನಸ್‌ನಿಂದ ಬಾಡಿಗೆ ಹೋಗೋ ದಾರಿ) ಕಡೆನೇ ತೊಂದ್ರೆ. ಹಂಗೇ ಪ್ಲಸ್ ಪೋಸ್ಟಿಂದ ಸೆಲ್ಫ್ ಬೋಲ್ಟಿನವರೆಗೂ ನೋಡಿ. ಎರಡೂ ಸರಿಯಿದ್ರೆ ಆಮೇಲೆ ಮೋಟರ್ ಬಿಚ್ಚೋ ಮಾತು.

ಮತ್ತೊಬ್ರು: ಬ್ಯಾಟರೀನ ಸಿಮೆಂಟ್ ನೆಲದ ಮೇಲೆ ಇಟ್ಟಿದ್ರಾ? ನೆಲ ಚಾರ್ಜ್ ಎಳ್ಕೊಳುತ್ತೆ. ಗಾಡಿ ಓಡ್ತಿರುವಾಗ ಟರ್ಮಿನಲ್ ಕಿತ್ತು ನೋಡಿ, ಬಂದ್ ಆಗ್ಲಿಲ್ಲ ಅಂದ್ರೆ ಡೈನಮೋ ಓಕೆ.

ಉತ್ತರ: ಸರ್, ದಯವಿಟ್ಟು ಇದನ್ನ ಯಾರೂ ಮಾಡ್ಬೇಡಿ. ಡೀಸೆಲ್ ಇಂಜಿನ್‌ಗೆ ಕಿಡಿನೇ ಬೇಡ, ಡೈನಮೋ ಸತ್ತಿದ್ರೂ ಅದು ಓಡ್ತಾನೇ ಇರುತ್ತೆ. ಟರ್ಮಿನಲ್ ಕಿತ್ರೆ ವೋಲ್ಟೇಜ್ ಮೇಲಕ್ಕೆ ಹಾರಿ ಬಲ್ಬ್ ಹೋಗ್ಬಹುದು, ಡೈನಮೋ ಬದ್ಲು ಆಲ್ಟರ್ನೇಟರ್ ಹಾಕ್ಸಿದ್ರೆ ಅದರೊಳಗಿನ ಡಯೋಡೇ ಸುಡ್ಬಹುದು. ರೇಸ್ ಕೊಟ್ಟು ಬ್ಯಾಟರಿ ಮೇಲೆ ಮೀಟರ್ ಇಡಿ, 14ರ ಹತ್ರ ಇದ್ರೆ ಚಾರ್ಜ್ ಆಗ್ತಿದೆ. ಇನ್ನು ನೆಲದ ವಿಷ್ಯ, ಈಗಿನ ಬ್ಯಾಟರಿ ಡಬ್ಬ ಪ್ಲಾಸ್ಟಿಕ್ಕು, ಅದ್ರಿಂದ ಕರೆಂಟ್ ಸೋರಲ್ಲ, ಇಟ್ಟಲ್ಲೇ ತಿಂಗಳುಗಟ್ಲೆ ಬಿಟ್ರೆ ತಾನಾಗೇ ಇಳಿಯುತ್ತೆ.

ಪ್ರಶ್ನೆ ಕೇಳಿದವರು: ಅಣ್ಣ, ಮೈನಸ್ ಕಡೆ 3.1 ತೋರಿಸ್ತು! ಅರ್ತ್ ಪಟ್ಟಿ ಬೋಲ್ಟ್ ಕೆಳಗೆ ಪೇಂಟ್ ಹೊಡೆದಿದಾರೆ, ಅದರೊಳಗೆ ಹಸಿರು ಕಿಲುಬು. ಉಜ್ಜಿ ಹಾಕ್ಲಾ, ಹೊಸ ಪಟ್ಟಿನೇ ತರ್ಲಾ?

ಉತ್ತರ: ಎಳೆಗಳು ಕಿತ್ತಿಲ್ಲ ಅಂದ್ರೆ ಉಜ್ಜಿದ್ರೆ ಸಾಕು. ಬ್ಯಾಟರಿಯಿಂದ ಮೊದ್ಲು ಮೈನಸ್ ಕಳಚಿ, ಹಾಕೋವಾಗ ಅದನ್ನ ಕೊನೇಲಿ ಹಾಕಿ. 12 ವೋಲ್ಟ್ ಶಾಕ್ ಹೊಡೆಯಲ್ಲ ಅಂತ ಸಸಾರ ಮಾಡ್ಬೇಡಿ, ಪ್ಲಸ್‌ಗೂ ಬಾಡಿಗೂ ಸ್ಪ್ಯಾನರ್ ತಾಗಿದ್ರೆ ಕೆಂಪಗೆ ಕಾಯುತ್ತೆ, ಕೈಲಿ ಉಂಗುರ ಇದ್ರೆ ತೆಗೆದಿಡಿ. ಬ್ಲಾಕ್ ಮೇಲೂ ಲಗ್ (ಪಟ್ಟಿ ತುದಿಯ ಬೋಲ್ಟ್ ಕೂರೋ ಬಳೆ) ಮೇಲೂ ಲೋಹ ಹೊಳೆಯೋವರೆಗೂ ಉಜ್ಜಿ, ಟೈಟ್ ಮಾಡಿ, ಗ್ರೀಸ್ ಹಚ್ಚೋದು ಆಮೇಲೆ. ಮತ್ತೆ ಅದೇ ಟೆಸ್ಟ್ ಮಾಡಿ ಎಷ್ಟು ಬಂತು ಹೇಳಿ.

ಪ್ರಶ್ನೆ ಕೇಳಿದವರು: 0.2 ಬಂತು, ಒಂದೇ ಏಟಿಗೆ ಸ್ಟಾರ್ಟ್.