ಹೋಗಲೋ, ಬೇಡವೋ? ಟ್ಯಾಂಪಾ ಪ್ರಯಾಣದ ಪ್ರಶ್ನೆಗೆ ಓದುಗರ ಸ್ಪಂದನ

ಕಳೆದ ಸಂಚಿಕೆಯ ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಎಚ್-ಒನ್-ಬಿ ಎಂಬ ಉದ್ಯೋಗ ವೀಸಾದ ಮೇಲೆ ಕೆಲಸದಲ್ಲಿದ್ದೇನೆ. ಹೋದ ವರ್ಷ ಫ್ಲೋರಿಡಾದ ಟ್ಯಾಂಪಾದಲ್ಲಿರುವ ಗ್ರಾಹಕರ ಕಚೇರಿಗೆ ಹೋಗಬೇಕಿತ್ತು. ಹರಿಕೇನ್ (ಚಂಡಮಾರುತ) ಬರುತ್ತಿದೆ ಎಂಬ ಸುದ್ದಿ ಕೇಳಿ ಪ್ರಯಾಣ ರದ್ದು ಮಾಡಿದೆ. ಅದು ಬೇರೆ ಕಡೆ ತಿರುಗಿಕೊಂಡಿತು. "ಮಳೆಗೆ ಹೆದರಿಬಿಟ್ಟೆಯಲ್ಲ" ಎಂದು ಮ್ಯಾನೇಜರ್ ಎಲ್ಲರೆದುರು ನಕ್ಕರು. ಈ ಅಕ್ಟೋಬರಿನಲ್ಲಿ ಮತ್ತೆ ಹೋಗಬೇಕಿದೆ. ಆಗಲೂ ಹೀಗೇ ಆದರೆ ರದ್ದು ಮಾಡಲೋ, ಬಾಯಿ ಮುಚ್ಚಿಕೊಂಡು ವಿಮಾನ ಹತ್ತಲೋ?

*

ನಾನು ಇರುವುದೇ ಟ್ಯಾಂಪಾದಲ್ಲಿ. ಮಕ್ಕಳು ಹುಟ್ಟಿ ಬೆಳೆದದ್ದೂ ಇಲ್ಲೇ. ಮೊದಲು ಆ ನಗುವಿನ ವಿಷಯ ಮುಗಿಸಿಬಿಡೋಣ. ಗಾಳಿ ತಿರುಗಿತು ಎಂದ ಮಾತ್ರಕ್ಕೆ ನಿಮ್ಮ ಲೆಕ್ಕ ತಪ್ಪಾಗಿತ್ತು ಎಂದಲ್ಲ. 2022ರಲ್ಲಿ ಇಯಾನ್ ಎಂಬ ಹರಿಕೇನ್ ಬಂದಾಗ ಮೊದಮೊದಲ ನಕ್ಷೆಗಳು ನಮ್ಮೂರಿನ ಕಡೆಗೇ ತೋರಿಸುತ್ತಿದ್ದವು. ಸೆಪ್ಟೆಂಬರ್ 28ರಂದು ಅದು ದಡ ಹತ್ತಿದ್ದು ದಕ್ಷಿಣಕ್ಕಿರುವ ಫೋರ್ಟ್ ಮೈಯರ್ಸ್ ಹತ್ತಿರ. ಇಲ್ಲಿ ಟ್ಯಾಂಪಾ ಕೊಲ್ಲಿಯ ನೀರು ಹಿಂದಕ್ಕೆ ಸರಿದು ದಡದ ಬೇಶೋರ್ ಬುಲೆವಾರ್ಡ್ ರಸ್ತೆಯ ಪಕ್ಕ ಕೆಸರು ನೆಲ ಬಯಲಾಯಿತು, ಜನ ಅದರಲ್ಲಿ ಇಳಿದು ಫೋಟೊ ತೆಗೆದುಕೊಂಡರು. ಫೋರ್ಟ್ ಮೈಯರ್ಸ್ ಬೀಚಿನಲ್ಲಿ ಸಮುದ್ರ ಮನೆಗಳ ಒಳಗೆ ನುಗ್ಗಿತ್ತು. ಟ್ಯಾಂಪಾಕ್ಕೆ ಬರುತ್ತದೆ ಅಂದುಕೊಂಡು ನಿಶ್ಚಿಂತೆಯಿಂದ ಇದ್ದ ಎಷ್ಟೋ ಜನ ಅಲ್ಲಿದ್ದರು. 2004ರ ಚಾರ್ಲಿಯೂ ಇದೇ ಆಟ ಆಡಿತ್ತು.

ನೀರು ಒಂದು ಕಡೆ ಸರಿದು ಇನ್ನೊಂದು ಕಡೆ ನುಗ್ಗಿದ್ದಕ್ಕೆ ಕಾರಣ ಸುಲಭ. ಈ ಗೋಳಾರ್ಧದಲ್ಲಿ ಹರಿಕೇನ್ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಪಶ್ಚಿಮದ ಸಮುದ್ರದಿಂದ ಬಂದು ನಮ್ಮ ದಕ್ಷಿಣಕ್ಕೆ ದಾಟಿದರೆ ಗಾಳಿ ಕೊಲ್ಲಿಯ ನೀರನ್ನು ಹೊರಕ್ಕೆ ತಳ್ಳುತ್ತದೆ, ಉತ್ತರಕ್ಕೆ ದಾಟಿದರೆ ಒಳಕ್ಕೆ. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಸ್ವಲ್ಪ ತಿರುವು ಸಾಕು. ಎರಡು ದಿನ ಮೊದಲೇ ಅದನ್ನು ಕರಾರುವಾಕ್ಕಾಗಿ ಹೇಳು ಎಂದರೆ ಯಾರಿಂದಲೂ ಆಗುವುದಿಲ್ಲ.

ಟಿವಿಯಲ್ಲಿ ನಕ್ಷೆಯ ಮೇಲೆ ತೋರಿಸುವ ಆ ಬಿಳಿ ಕೋನ್ (ಶಂಕುವಿನಾಕಾರ) ಇದೆಯಲ್ಲ, ನಿಮ್ಮ ಮ್ಯಾನೇಜರ್ ನೋಡಿದ್ದು ಅದನ್ನೇ ಇರಬೇಕು. ಅದು ಹರಿಕೇನ್‌ನ ಕೇಂದ್ರ ಎಲ್ಲಿಗೆ ಹೋಗಬಹುದು ಎಂದಷ್ಟೇ ಹೇಳುತ್ತದೆ. ಮೂರರಲ್ಲಿ ಸುಮಾರು ಎರಡು ಸಲ ಕೇಂದ್ರ ಆ ಕೋನ್‌ನೊಳಗೆ ಉಳಿಯುತ್ತದೆ, ಇನ್ನೊಂದು ಸಲ ಆಚೆ. ಹಾನಿ ಎಲ್ಲಿ ಎನ್ನುವುದಕ್ಕೂ ಕೋನ್‌ಗೂ ಸಂಬಂಧವೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ನಮ್ಮಿಂದ ಎಷ್ಟೋ ದೂರ ಸಮುದ್ರದಲ್ಲೇ ಹಾದುಹೋಯಿತು, ಆದರೂ ಕೊಲ್ಲಿಯ ಸುತ್ತಲಿನ ತಗ್ಗು ಬಡಾವಣೆಗಳಲ್ಲಿ ಉಪ್ಪುನೀರು ಮನೆಯೊಳಗೆ ನಿಂತಿತು. ಎರಡು ವಾರ ಕಳೆಯುವಷ್ಟರಲ್ಲಿ ಮಿಲ್ಟನ್. ಆ ಹೊತ್ತಿಗೆ ಹೆಲೀನ್‌ನಲ್ಲಿ ಹಾಳಾದ ಸೋಫಾ, ಹಾಸಿಗೆ, ಫ್ರಿಜ್‌ಗಳೆಲ್ಲ ಇನ್ನೂ ರಸ್ತೆ ಬದಿಯಲ್ಲೇ ರಾಶಿ ಬಿದ್ದಿದ್ದವು. ಗಾಳಿಗೆ ಅವೇ ಎದ್ದು ಹಾರಿದರೆ ಏನು ಗತಿ ಎಂಬ ಭಯ ಬೇರೆ.

ಮಿಲ್ಟನ್ ದಿನಾಂಕಗಳನ್ನು ನಿಮ್ಮ ಪ್ರಯಾಣದ ಪಕ್ಕ ಇಟ್ಟು ನೋಡಿ. ಅದಕ್ಕೆ ಹೆಸರಿಟ್ಟದ್ದು ಅಕ್ಟೋಬರ್ 5, ಶನಿವಾರ. ಸೋಮವಾರ ಒಂದೇ ದಿನದಲ್ಲಿ ಉಬ್ಬಿ ಎಲ್ಲಕ್ಕಿಂತ ತೀವ್ರವಾದ ಐದನೇ ವರ್ಗಕ್ಕೇರಿತು. ಮಂಗಳವಾರ ಬೆಳಿಗ್ಗೆ ವಿಮಾನ ನಿಲ್ದಾಣ ಮುಚ್ಚಿತು. ಬುಧವಾರ ರಾತ್ರಿ ನಮ್ಮ ದಕ್ಷಿಣಕ್ಕಿರುವ ಸಿಯೆಸ್ಟಾ ಕೀ ದ್ವೀಪದ ಹತ್ತಿರ ದಡ ಮುಟ್ಟಿತು. ನಿಲ್ದಾಣ ಮತ್ತೆ ತೆರೆದದ್ದು ಶುಕ್ರವಾರ. ಸೋಮವಾರದ ವಿಮಾನದಲ್ಲಿ "ಬುಧವಾರದ ಮೀಟಿಂಗ್ ಮುಗಿಸಿ ಬರುತ್ತೇನೆ" ಎಂದು ಬಂದವರ ಪಾಡು ಊಹಿಸಿಕೊಳ್ಳಿ. ಬುಧವಾರ ಮೀಟಿಂಗೂ ಇರಲಿಲ್ಲ, ಹಿಂದಿರುಗಲು ವಿಮಾನವೂ ಇರಲಿಲ್ಲ. ನಿಮ್ಮ ಗ್ರಾಹಕರೇ ಆ ಹೊತ್ತಿಗೆ ಕಿಟಕಿಗೆ ಪ್ಲೈವುಡ್ ಹೊಡೆಯುತ್ತಿರುತ್ತಾರೆ. ಇನ್ನು ಹೋಟೆಲ್ ನೀರಿನ ಪಕ್ಕದಲ್ಲಿದ್ದರೆ ಹೋಟೆಲಿನವರೇ ನಿಮ್ಮನ್ನು ಖಾಲಿ ಮಾಡಿಸುತ್ತಾರೆ. ಇಲ್ಲಿ ತೆರವಿನ ವಲಯಗಳಿಗೆ ಎ ಯಿಂದ ಇ ವರೆಗೆ ಅಕ್ಷರ ಕೊಟ್ಟಿದ್ದಾರೆ. ಎ ಮೊದಲು ಖಾಲಿಯಾಗಬೇಕು. ಬುಕ್ ಮಾಡುವ ಮೊದಲೇ ಹೋಟೆಲ್ ವಿಳಾಸ ಯಾವ ಅಕ್ಷರದಲ್ಲಿದೆ ನೋಡಿಕೊಳ್ಳಿ. ನಾನಾಗಿದ್ದರೆ ಶನಿವಾರವೇ ಬರುವುದಿಲ್ಲ ಎಂದು ಹೇಳಿಬಿಡುತ್ತಿದ್ದೆ.

– ಟ್ಯಾಂಪಾದ ಓದುಗ

*

ರದ್ದು ಮಾಡಿ ಎಂಬಂಥ ಉತ್ತರಗಳೇ ಬರುತ್ತವೆ ಎಂದು ಗೊತ್ತು. ನನ್ನದು ಬೇರೆ ಅಭಿಪ್ರಾಯ. ಹರಿಕೇನ್ ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ, ಅಂದರೆ ಅರ್ಧ ವರ್ಷ. ಮೆಕ್ಸಿಕೊ ಕೊಲ್ಲಿಯಲ್ಲಿ ಮೋಡ ಕಂಡಾಗೆಲ್ಲ ಟಿಕೆಟ್ ರದ್ದು ಮಾಡುತ್ತಿದ್ದರೆ ಫ್ಲೋರಿಡಾದ ಕೆಲಸ ಮಾಡಲು ನಿಮ್ಮನ್ನು ಯಾಕೆ ಇಟ್ಟುಕೊಳ್ಳಬೇಕು? ಆಸ್ಪತ್ರೆಗಳ ಯಂತ್ರ ರಿಪೇರಿಗೆ ನಾನು ದಕ್ಷಿಣದ ರಾಜ್ಯಗಳನ್ನೆಲ್ಲ ಸುತ್ತುತ್ತೇನೆ. ಐದು ದಿನ ಮುಂಚೆ ನಾನು ಏನನ್ನೂ ರದ್ದು ಮಾಡುವುದಿಲ್ಲ. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಬೆಳಿಗ್ಗೆ 5 ಮತ್ತು 11ಕ್ಕೆ, ಸಂಜೆ 5ಕ್ಕೆ, ರಾತ್ರಿ 11ಕ್ಕೆ ವರದಿ ಕೊಡುತ್ತದೆ. ಅದನ್ನಷ್ಟೇ ನೋಡುತ್ತೇನೆ. ವಾಟ್ಸ್‌ಆಪ್ ಗುಂಪಿನಲ್ಲಿ ತಿರುಗುವ ಬಣ್ಣಬಣ್ಣದ ಗೆರೆಗಳನ್ನಲ್ಲ. ಬಿರುಗಾಳಿ ಶುರುವಾಗಬಹುದಾದ 48 ಗಂಟೆ ಮೊದಲು 'ವಾಚ್' ಎಂಬ ಮುನ್ಸೂಚನೆ, 36 ಗಂಟೆ ಮೊದಲು 'ವಾರ್ನಿಂಗ್' ಎಂಬ ಎಚ್ಚರಿಕೆ ಹೊರಡಿಸುತ್ತಾರೆ. ನಾನು ಹೋಗುವ ಊರಿಗೆ ವಾಚ್ ಬಂದರೆ ಹೊರಡುವುದಿಲ್ಲ. ಬರದಿದ್ದರೆ ಹೊರಡುತ್ತೇನೆ, ಹಿಂದಿರುಗುವ ದಾರಿ ಮಾತ್ರ ನನ್ನ ಕೈಯಲ್ಲಿರಬೇಕು. ಅಟ್ಲಾಂಟಾದಿಂದಾದರೆ ಕಾರಲ್ಲೇ ಹೋಗುತ್ತೇನೆ. ನಿಮಗೆ ನ್ಯೂಜೆರ್ಸಿಯಿಂದ ಆ ಅನುಕೂಲ ಇಲ್ಲ, ನಿಜ.

– ಅಟ್ಲಾಂಟಾದ ಫೀಲ್ಡ್ ಇಂಜಿನಿಯರ್

*

ಮಗೂ, ನನ್ನ ಮಗನೂ ಅಮೆರಿಕದಲ್ಲೇ ಇದ್ದಾನೆ, ಯಾವುದೋ ತಂಪು ರಾಜ್ಯ. ಆದರೂ ಇಲ್ಲಿಯ ಟಿವಿಯವರು ಇಡೀ ಅಮೆರಿಕವೇ ಮುಳುಗಿಹೋದ ಹಾಗೆ ತೋರಿಸುತ್ತಾರೆ. ನೀನು ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು, ದೂರದಿಂದ ನಾನೇನು ಹೇಳಲಿ. ಆದರೆ ಗಾಳಿ ಶುರುವಾಗುವ ಮುಂಚೆ ಊರಿಗೊಂದು ಫೋನ್ ಮಾಡಿ, ಎರಡು ದಿನ ಕರೆಂಟು ಹೋಗಬಹುದು, ಫೋನ್ ಸಿಗದೇ ಇರಬಹುದು ಎಂದು ಹೇಳಿಬಿಡು. ಹೇಳದಿದ್ದರೆ ಆ ಎರಡು ದಿನ ಇಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯುವುದಿಲ್ಲ.

– ಹಾಸನದ ಓದುಗಿ

*

ನಾನು ಶಿಕಾಗೊದಲ್ಲಿ ಒಂದು ತಂಡ ನಡೆಸುತ್ತೇನೆ, ಅಂದರೆ ನಿಮ್ಮ ಮ್ಯಾನೇಜರ್ ಕೂತಿರುವಂಥ ಕುರ್ಚಿಯಲ್ಲೇ ಕೂತಿದ್ದೇನೆ. ಎಲ್ಲರೆದುರು ನಕ್ಕಿದ್ದು ಸಣ್ಣತನ. ಆದರೆ ನೀವು ಏನೆಂದು ಹೇಳಿ ರದ್ದು ಮಾಡಿದಿರಿ? "ಸರ್, ಹರಿಕೇನ್ ಅಂತೆ, ಹೋಗಬೇಕಾ?" ಎಂದು ಕೇಳಿದ್ದರೆ ನಿರ್ಧಾರವನ್ನು ನೀವೇ ಅವರ ಮಡಿಲಿಗೆ ಹಾಕಿದ ಹಾಗೆ. ಮೊದಲು ಟ್ಯಾಂಪಾದ ಗ್ರಾಹಕರಿಗೆ ಫೋನ್ ಮಾಡಿ, ಬುಧವಾರ ಕಚೇರಿ ತೆರೆದಿರುತ್ತದಾ ಎಂದು ಕೇಳಿ. ಹತ್ತಕ್ಕೆ ಒಂಬತ್ತು ಸಲ "ನಾವೇ ಹೇಳೋಣ ಅಂದುಕೊಂಡಿದ್ದೆವು, ಮುಂದಿನ ವಾರ ಬನ್ನಿ" ಎನ್ನುತ್ತಾರೆ. ಆಮೇಲೆ ಮ್ಯಾನೇಜರ್‌ಗೆ ನಾಲ್ಕು ಸಾಲು ಬರೆಯಿರಿ: ಗ್ರಾಹಕರು ಹೀಗೆ ಹೇಳಿದ್ದಾರೆ, ಕೌಂಟಿಯವರು (ಜಿಲ್ಲಾಡಳಿತ) ಇಂಥ ವಲಯ ಖಾಲಿ ಮಾಡಿಸುತ್ತಿದ್ದಾರೆ, ಈ ವಾರ ವೀಡಿಯೊ ಕಾಲ್‌ನಲ್ಲಿ ಇಷ್ಟು ಕೆಲಸ ಮುಗಿಸುತ್ತೇನೆ, ಇಂಥ ದಿನ ಖುದ್ದಾಗಿ ಹೋಗುತ್ತೇನೆ. ಇಂಥ ಪತ್ರಕ್ಕೆ ನಗುವುದು ಕಷ್ಟ. "ಇಲ್ಲ, ಹೋಗಲೇಬೇಕು" ಎಂದು ಬರವಣಿಗೆಯಲ್ಲಿ ಉತ್ತರಿಸುವುದು ಇನ್ನೂ ಕಷ್ಟ. ಒಂದು ಪ್ರತಿ ಎಚ್‌ಆರ್‌ಗೂ ಹೋಗಲಿ.

ದುಡ್ಡಿನ ವಿಷಯಕ್ಕೆ ಬಂದರೆ ಟಿಕೆಟ್ಟನ್ನು ಆತುರದಿಂದ ನೀವೇ ರದ್ದು ಮಾಡಬೇಡಿ. ಹರಿಕೇನ್ ಹತ್ತಿರವಾದ ಹಾಗೆ ವಿಮಾನ ಕಂಪನಿಗಳು ಪುಕ್ಕಟೆಯಾಗಿ ದಿನಾಂಕ ಬದಲಿಸಲು ಬಿಡುತ್ತವೆ. ಅವರೇ ವಿಮಾನ ರದ್ದು ಮಾಡಿ ನೀವು ಬೇರೆ ವಿಮಾನ ಬೇಡವೆಂದರೆ ಪೂರ್ತಿ ಹಣ ವಾಪಸ್ ಕೊಡಬೇಕು. ವಿಮೆ ಬೇಕಿದ್ದರೆ ಟಿಕೆಟ್ ಜೊತೆಗೇ ಮಾಡಿಸಿ. ಹರಿಕೇನ್‌ಗೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಅದಕ್ಕೆ ಅನ್ವಯಿಸುವುದಿಲ್ಲ. ವೀಸಾ ಭಯ ನನಗೂ ಅರ್ಥವಾಗುತ್ತದೆ, ಅದೇ ದಾರಿಯಲ್ಲಿ ಬಂದವನು. ಪ್ರಯಾಣ ಮುಂದೂಡಿದ್ದಕ್ಕೆ ವೀಸಾ ರದ್ದಾಗುವುದಿಲ್ಲ. ಕೆಲಸವೇ ಹೋದರೂ ಬೇರೆ ಕಂಪನಿ ಹುಡುಕಲು 60 ದಿನಗಳವರೆಗೆ ಅವಕಾಶ ಇರುತ್ತದೆ.

– ಶಿಕಾಗೊದ ಓದುಗ

*

ನಿಮ್ಮ ಫ್ಲೋರಿಡಾ ನಾನು ಕಂಡದ್ದಲ್ಲ ಮಾರಾಯ್ರೆ. ಆದರೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ಮಲ್ಪೆ, ಕಾಪು ಕಡೆಯವರಿಗೆ ಮರೆಯುವ ಹಾಗಿಲ್ಲ. ಕಾಪು ಹತ್ತಿರ ಸಮುದ್ರದಲ್ಲಿ ಬಂಡೆಗೆ ಸಿಕ್ಕ ಟಗ್ ಹಡಗಿನಲ್ಲಿದ್ದ ಒಂಬತ್ತು ಜನರನ್ನು ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್‌ನವರು ಕಾಪಾಡಿದರು. ಮುಂಬೈ ಆಚೆ ತೈಲಕ್ಷೇತ್ರದಲ್ಲಿದ್ದ ಪಿ-305 ಬಾರ್ಜ್‌ನವರಿಗೆ (ಕೆಲಸಗಾರರ ತೇಲುವ ಬಿಡಾರ ಅದು) ಆ ಅದೃಷ್ಟ ಇರಲಿಲ್ಲ. ಹವಾಮಾನ ಇಲಾಖೆ ದಿನಗಟ್ಟಲೆ ಮೊದಲೇ ಎಚ್ಚರಿಸಿತ್ತು, ದೋಣಿಗಳೆಲ್ಲ ಬಂದರಿಗೆ ಸೇರಿದ್ದವು. ಬಾರ್ಜ್ ಅಲ್ಲೇ ಹತ್ತಿರದಲ್ಲಿ ಉಳಿಯಿತು, ಲಂಗರು ಕಿತ್ತಿತು, ಮೇ 17ರಂದು ಮುಳುಗಿತು. ಎಪ್ಪತ್ತಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರು ಕೂಲಿ ಕೆಲಸಕ್ಕೆ, ವೆಲ್ಡಿಂಗ್‌ಗೆ, ಅಡುಗೆಗೆ ಹೋದವರು. ಹೊರಡುವುದಾ ಬೇಡವಾ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ನಿಮಗೆ ಬೇಡ ಎನ್ನಲು ಬಾಯಿ ಉಂಟು, ಅನ್ನಿ.

– ಮಲ್ಪೆಯ ಓದುಗ

*

ವಾಚ್ ಬರುವವರೆಗೆ ಕಾಯಿರಿ ಎಂದು ಯಾರಾದರೂ ಬರೆದರೆ ಅವರಿಗೆ ಮೆಕ್ಸಿಕೊದ ಅಕಪುಲ್ಕೊ ನೆನಪಿಸಿ. 2023ರ ಅಕ್ಟೋಬರಿನಲ್ಲಿ ಓಟಿಸ್ ಹರಿಕೇನ್ ಒಂದೇ ದಿನದಲ್ಲಿ ಸಾಧಾರಣ ಬಿರುಗಾಳಿಯಿಂದ ಐದನೇ ವರ್ಗಕ್ಕೆ ಏರಿ 25ರ ನಡುರಾತ್ರಿಯ ನಂತರ ಊರಿನ ಮೇಲೆ ಬಿತ್ತು. ಆ ವಾರ ಅಲ್ಲಿ ಗಣಿ ಉದ್ಯಮದ ದೊಡ್ಡ ಸಮ್ಮೇಳನ ನಡೆಯುತ್ತಿತ್ತು. ನಿಮ್ಮ ಹಾಗೆಯೇ ಕೆಲಸಕ್ಕೆಂದು ಬಂದವರು ಹೋಟೆಲ್ ಕೋಣೆಯ ಗಾಜು ಒಡೆದು ಒಳಗೆ ಬೀಳುವಾಗ ಹಾಸಿಗೆಯನ್ನು ಅಡ್ಡ ಇಟ್ಟುಕೊಂಡು ಕೂತಿದ್ದರು.

ಅಷ್ಟಾಗಿಯೂ ನೀವು ಟ್ಯಾಂಪಾದಲ್ಲಿ ಸಿಕ್ಕಿಕೊಂಡರೆ: ಬಾಡಿಗೆ ಕಾರಿನ ಟ್ಯಾಂಕ್ ಅರ್ಧಕ್ಕಿಂತ ಇಳಿಯಲು ಬಿಡಬೇಡಿ, ತೆರವು ಶುರುವಾದ ಮೇಲೆ ಪೆಟ್ರೋಲ್ ಸಿಗುವುದಿಲ್ಲ. ನಗದು ಇಟ್ಟುಕೊಳ್ಳಿ. ಸ್ನಾನದ ತೊಟ್ಟಿ ತುಂಬಿಸಿಡಿ, ಅದು ಕುಡಿಯಲಿಕ್ಕಲ್ಲ, ಟಾಯ್ಲೆಟ್‌ಗೆ. ಕಿಟಕಿಯಿಲ್ಲದ ಒಳಕೋಣೆ ಯಾವುದೆಂದು ಹಗಲಲ್ಲೇ ನೋಡಿಟ್ಟುಕೊಳ್ಳಿ. ಗಾಳಿ ಗಂಟೆಗೆ 40 ಮೈಲಿ ದಾಟಿದರೆ ಟ್ಯಾಂಪಾ ಕೊಲ್ಲಿಯ ಸನ್‌ಶೈನ್ ಸ್ಕೈವೇ ಸೇತುವೆ ಮುಚ್ಚುತ್ತಾರೆ. ದಕ್ಷಿಣಕ್ಕೆ ಅದರ ಮೇಲೆಯೇ ಹೋಗುವ ಯೋಚನೆ ಇದ್ದರೆ ಬೇರೆ ದಾರಿ ಯಾವುದೆಂದು ಮೊದಲೇ ಕೇಳಿಟ್ಟುಕೊಳ್ಳಿ.

– ಹ್ಯೂಸ್ಟನ್‌ನ ಓದುಗಿ